ಮಗುವಿನ ಮಾತು ಮತ್ತು ಆಲೋಚನೆ: ಸಂಜ್ಞಾನ ಸಿದ್ಧಾಂತಗಳು ಹಾಗೂ ಕನ್ನಡದ ಸಾಕ್ಷ್ಯ

ಮಗುವಿನಲ್ಲಿ ಆಲೋಚನೆ ಮೊದಲೋ ಮಾತು ಮೊದಲೋ ಎಂಬುದು ಮೇಲ್ನೋಟಕ್ಕೆ ಕೇವಲ ತಾತ್ತ್ವಿಕ ಜಿಜ್ಞಾಸೆಯಂತೆ ತೋರುತ್ತದೆ. ಆದರೆ ಅದಕ್ಕೆ ದೊರೆಯುವ ಉತ್ತರ ನೇರವಾಗಿ ತರಗತಿಯ ಕೋಣೆಯನ್ನು ಮುಟ್ಟುತ್ತದೆ. ಆಲೋಚನೆ ಮಾಗಿದ ಮೇಲೆಯೇ ಮಾತು ಅದನ್ನು ಹಿಂಬಾಲಿಸುವುದಾದರೆ ಶಿಕ್ಷಕರು ಆ ಪಕ್ವತೆಗಾಗಿ ಕಾಯಬೇಕಾಗುತ್ತದೆ. ಮಾತಿನ ಮೂಲಕವೇ ಆಲೋಚನೆ ರೂಪುಗೊಳ್ಳುವುದಾದರೆ ಮಗುವನ್ನು ಸುಮ್ಮನಿರಿಸುವುದು ಕಲಿಕೆಯನ್ನೇ ತಡೆದಂತಾಗುತ್ತದೆ. ಈ ವಿಷಯದಲ್ಲಿ ನಡೆದ ಚರ್ಚೆಯ ಒಂದು ಮುಖ್ಯ ಘಟ್ಟದಲ್ಲಿ ಕನ್ನಡದ ಮಕ್ಕಳೇ ಸಾಕ್ಷಿಗಳಾಗಿದ್ದಾರೆಂಬುದು ಕನ್ನಡದ ವಿದ್ವತ್ ವಲಯದಲ್ಲಿ ಸಲ್ಲಬೇಕಾದಷ್ಟು ಗಮನ ಪಡೆದಿಲ್ಲ.

ವರ್ತನವಾದದ ನಿಲುವು ಸರಳವಾದುದು. ಬಿ. ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಭಾಷೆಯನ್ನು ಪ್ರಚೋದನೆ, ಪ್ರತಿಕ್ರಿಯೆ ಮತ್ತು ಪುನರ್ಬಲನಗಳಿಂದ ರೂಢಿಯಾಗುವ ವರ್ತನೆಯೆಂದು ವಿವರಿಸಿದನು. 1959ರಲ್ಲಿ ನೋಮ್ ಚಾಮ್ಸ್ಕಿ ಆ ಗ್ರಂಥವನ್ನು ವಿಮರ್ಶಿಸಿ ಈ ವಿವರಣೆಯ ಅಡಿಪಾಯವನ್ನೇ ಪ್ರಶ್ನಿಸಿದನು. ನೋಡಿದ, ಹಾಡಿದ ಎಂಬ ರೂಪಗಳ ಜಾಡಿನಲ್ಲಿ ಮಗುವೊಂದು ‘ಕೊಡಿದ’ ಎಂದರೆ ಅದನ್ನು ಯಾರೂ ಕಲಿಸಿರುವುದಿಲ್ಲ, ಮೆಚ್ಚಿ ಬಹುಮಾನ ಕೊಟ್ಟಿರುವುದೂ ಇಲ್ಲ. ಇಂಥ ತಪ್ಪಿನ ಹಿಂದೆ ಅನುಕರಣೆಯಲ್ಲ, ನಿಯಮವಿದೆ. ಶಿಕ್ಷಕನ ಕಿವಿಗೆ ಅದು ದೋಷ. ಸಂಜ್ಞಾನವಾದಿಗೆ ಅದು ಮಗು ವ್ಯಾಕರಣವನ್ನು ಕಟ್ಟಿಕೊಳ್ಳುತ್ತಿದೆ ಎಂಬುದರ ಪುರಾವೆ.

ಇದಕ್ಕಿಂತ ಹಿಂದಿನದಾದರೂ ಶಿಕ್ಷಣದ ದೃಷ್ಟಿಯಿಂದ ಹೆಚ್ಚು ಫಲವತ್ತಾದುದು ಪಿಯಾಜೆ ಮತ್ತು ವೈಗೊಟ್‌ಸ್ಕಿ ಇವರ ನಡುವಣ ಭಿನ್ನಾಭಿಪ್ರಾಯ. ಜಿನೀವಾದ ಶಿಶುಶಾಲೆಯೊಂದರಲ್ಲಿ ಸುಮಾರು ಆರು ವರ್ಷದ ಇಬ್ಬರು ಬಾಲಕರ ಮಾತುಗಳನ್ನು ಒಂದು ತಿಂಗಳ ಕಾಲ ಬರೆದಿಟ್ಟುಕೊಂಡು ಅಭ್ಯಸಿಸಿದ ಜೀನ್ ಪಿಯಾಜೆ, 1923ರ ತನ್ನ ಗ್ರಂಥದಲ್ಲಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದನು. ಮಕ್ಕಳು ತಾವಾಗಿಯೇ ಆಡುವ ಮಾತಿನಲ್ಲಿ ಅರ್ಧಕ್ಕೆ ಸಮೀಪದ ಭಾಗ ಯಾರನ್ನೂ ಉದ್ದೇಶಿಸಿದ್ದಲ್ಲ. ಇದನ್ನು ಆತ ಸ್ವಕೇಂದ್ರಿತ ಮಾತು ಎಂದು ಕರೆದನು. ಇನ್ನೊಬ್ಬರ ದೃಷ್ಟಿಯನ್ನು ಊಹಿಸಲಾರದ ಮನಸ್ಸಿನ ಲಕ್ಷಣವಿದು, ಸಾಮಾಜಿಕತೆ ಬೆಳೆದಂತೆ ಕ್ರಮೇಣ ಅಳಿದುಹೋಗುತ್ತದೆ ಎಂಬುದು ಆತನ ತೀರ್ಮಾನ.

ಲೆವ್ ವೈಗೊಟ್‌ಸ್ಕಿ ಈ ಸಂಗತಿಯನ್ನು ಒಪ್ಪಿ, ತೀರ್ಮಾನವನ್ನು ತಿರಸ್ಕರಿಸಿದನು. ಆತನ ಪ್ರಯೋಗಗಳ ಸೊಗಸು ಅವುಗಳ ಸರಳತೆಯಲ್ಲಿದೆ. ಚಿತ್ರ ಬಿಡಿಸಲು ಹೊರಟ ಮಗುವಿಗೆ ಬೇಕಾದ ಕಾಗದವೋ ಬಣ್ಣದ ಪೆನ್ಸಿಲೋ ಸಿಗದಂತೆ ಮಾಡಲಾಯಿತು. ತೊಡಕು ಎದುರಾದೊಡನೆ ಸ್ವಗತದ ಮಾತು ಬಹುಮಟ್ಟಿಗೆ ಇಮ್ಮಡಿಯಾಯಿತು. ಟ್ರಾಮಿನ ಚಿತ್ರ ಬರೆಯುತ್ತಿದ್ದ ಮಗುವೊಂದರ ಪೆನ್ಸಿಲಿನ ಮೊನೆ ಮುರಿದಾಗ, ‘ಮುರಿದಿದೆ’ ಎಂದು ತನ್ನಷ್ಟಕ್ಕೆ ಹೇಳಿಕೊಂಡ ಆ ಮಗು ಪೆನ್ಸಿಲನ್ನು ಬದಿಗಿಟ್ಟು ಜಲವರ್ಣದಲ್ಲಿ ಅಪಘಾತಕ್ಕೀಡಾಗಿ ಮುರಿದ ಟ್ರಾಮನ್ನೇ ಚಿತ್ರಿಸತೊಡಗಿತು. ಆಕಸ್ಮಿಕವಾಗಿ ಬಂದ ಮಾತು ಕೆಲಸದ ದಿಕ್ಕನ್ನೇ ಬದಲಿಸಿತ್ತು. ಇನ್ನೊಂದು ಪ್ರಯೋಗದಲ್ಲಿ ಮಗುವನ್ನು ಕಿವಿ ಕೇಳದ ಅಥವಾ ಬೇರೆ ಭಾಷೆಯನ್ನಾಡುವ ಮಕ್ಕಳ ನಡುವೆ ಇರಿಸಲಾಯಿತು. ಇತರರ ಪರಿವೆ ಇಲ್ಲದಿರುವುದೇ ಸ್ವಗತದ ಕಾರಣವಾಗಿದ್ದರೆ ಇಲ್ಲಿ ಅದು ಹೆಚ್ಚಬೇಕಿತ್ತು, ಕಡೆಗೆ ಇದ್ದಷ್ಟಾದರೂ ಉಳಿಯಬೇಕಿತ್ತು. ಆದರೆ ಅದು ತೀವ್ರವಾಗಿ ಕುಸಿಯಿತು. ಆದ್ದರಿಂದ ಸ್ವಗತವು ಸಾಮಾಜಿಕ ಮಾತಿನಿಂದಲೇ ಕವಲೊಡೆದು, ಮುಂದೆ ಒಳಮಾತಾಗಿ ಪರಿಣಮಿಸುವ ನಡುವಣ ಹಂತ ಎಂದು ಆತ ನಿರ್ಣಯಿಸಿದನು. ಅದು ಅಳಿಯುವುದಿಲ್ಲ, ಒಳಸರಿಯುತ್ತದೆ.

1934ರಲ್ಲಿ ವೈಗೊಟ್‌ಸ್ಕಿಯ ಮರಣಾನಂತರ ಪ್ರಕಟವಾದ ಆ ಗ್ರಂಥ ಸೋವಿಯತ್ ಪ್ರಭುತ್ವದ ಅವಕೃಪೆಗೆ ಸಿಲುಕಿ ಬಹುಕಾಲ ಮರೆಯಲ್ಲಿತ್ತು. ಇಂಗ್ಲಿಷ್ ಅನುವಾದ ಬಂದದ್ದು 1962ರಲ್ಲಿ. ಆಗ ಪಿಯಾಜೆ ಪ್ರತ್ಯೇಕ ಟಿಪ್ಪಣಿ ಬರೆದು, ಒಳಮಾತಿನ ಬಗೆಗಿನ ವಾದವನ್ನು ಬಹುಪಾಲು ಒಪ್ಪಿದನು. ಎದುರಾಳಿ ತೀರಿಹೋಗಿ ಮೂರು ದಶಕಗಳೇ ಆಗುತ್ತ ಬಂದಾಗ ದೊರೆತ ಈ ಒಪ್ಪಿಗೆ ವಿದ್ವತ್ತಿನ ಇತಿಹಾಸದಲ್ಲಿ ಅಪರೂಪದ್ದು.

ಕನ್ನಡದ ಸಾಕ್ಷ್ಯ ಬರುವುದು ಇನ್ನೊಂದು ಪ್ರಶ್ನೆಗೆ ಸಂಬಂಧಿಸಿ: ಕೇಳಿದ ಮಾತಿನಲ್ಲಿ ಯಾವುದನ್ನು ಸುಳಿವೆಂದು ಮಗು ಹಿಡಿಯುತ್ತದೆ? ಕನ್ನಡದಲ್ಲಿ ‘ಕುದುರೆ ಕುಣಿಯಿತು’ ಎಂಬುದಕ್ಕೂ ‘ಕೋತಿ ಕುದುರೆಯನ್ನು ಕುಣಿಸಿತು’ ಎಂಬುದಕ್ಕೂ ಎರಡು ವ್ಯತ್ಯಾಸಗಳಿವೆ. ಒಂದು, ನಾಮಪದಗಳ ಸಂಖ್ಯೆ. ಇನ್ನೊಂದು, ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ. ಎರಡು ನಾಮಪದಗಳಿರುವ ವಾಕ್ಯಗಳೆಲ್ಲ ಪ್ರೇರಣೆಯನ್ನು ಸೂಚಿಸುವುದಿಲ್ಲ. ‘ಇಸು’ ಹತ್ತಿದ ಇಂಥ ಕ್ರಿಯಾಪದವಾದರೋ ಅದನ್ನು ಸ್ಪಷ್ಟವಾಗಿ ಸೂಚಿಸುತ್ತದೆ. ಕೇಳಿದ್ದರಿಂದಲೇ ಕಲಿಯುವುದಾದರೆ ಮಗು ಪ್ರತ್ಯಯವನ್ನೇ ನೆಚ್ಚಬೇಕು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ ಇವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡವನ್ನಾಡುವ ಮೂರು ವರ್ಷದ ಮಕ್ಕಳಿಗೆ ಈ ಎರಡು ಸುಳಿವುಗಳನ್ನು ಬೇರ್ಪಡಿಸಿದ ವಾಕ್ಯಗಳನ್ನು ಹೇಳಿ, ಆಟಿಕೆಗಳಿಂದ ಅಭಿನಯಿಸಿ ತೋರಿಸುವಂತೆ ಕೇಳಲಾಯಿತು. ಪ್ರತ್ಯಯವಿಲ್ಲದಿದ್ದರೂ ಎರಡು ನಾಮಪದಗಳಿದ್ದಾಗ ಮಕ್ಕಳು ಒಂದು ಪ್ರಾಣಿ ಇನ್ನೊಂದರಿಂದ ಕ್ರಿಯೆ ಮಾಡಿಸಿದಂತೆ ಅಭಿನಯಿಸಿದರು. ಬರಿಯ ಪ್ರತ್ಯಯಕ್ಕೆ ಆ ಪ್ರಭಾವ ಕಾಣಲಿಲ್ಲ.

ಮಗು ಹುಟ್ಟಿನಿಂದಲೇ ತರುವ ಭಾಷಿಕ ಸಿದ್ಧತೆಗೆ ಇದು ಸಾಕ್ಷಿಯೆಂದು ಸಂಶೋಧಕರು ವಾದಿಸಿದರು. 2004ರಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಇದನ್ನು ಆಕ್ಷೇಪಿಸಿ, ಹೇಳಿದಷ್ಟು ಹೆಸರುಗಳಿಗೆ ಅಷ್ಟು ಪಾತ್ರಧಾರಿಗಳಿರಬೇಕೆಂಬುದು ಸಂವಹನದ ಸಾಮಾನ್ಯ ತತ್ತ್ವ, ಅದಕ್ಕೆ ಸಹಜಾತ ವ್ಯಾಕರಣ ಬೇಕಿಲ್ಲ ಎಂದಳು. ವಾದ ಇತ್ಯರ್ಥವಾಗಿಲ್ಲ. ಕರ್ತೃ ಕರ್ಮಗಳನ್ನು ಧಾರಾಳವಾಗಿ ಬಿಟ್ಟು ಮಾತನಾಡುವ ಕನ್ನಡದ ಆಡುನುಡಿಯನ್ನು ನೆನೆದರೆ ಗೋಲ್ಡ್‌ಬರ್ಗಳ ಉತ್ತರ ಪೂರ್ತಿ ಸಾಲದೆನಿಸುತ್ತದೆ. ‘ಕೊಟ್ಯಾ?’ ಎಂಬ ಒಂದೇ ಪದದಲ್ಲಿ ಮೂವರ ವ್ಯವಹಾರ ಮುಗಿಯುವ ಭಾಷೆಯಲ್ಲಿ ನಾಮಪದಗಳನ್ನು ಎಣಿಸುವ ಮಗು ಏನನ್ನು ಎಣಿಸುತ್ತಿದೆ ಎಂಬುದು ಇನ್ನೂ ಅಭ್ಯಾಸಯೋಗ್ಯ ಪ್ರಶ್ನೆ.

ಮಾತಿನಿಂದ ಓದಿಗೆ ಬಂದರೆ ಸಿದ್ಧಾಂತದ ಆಮದು ಹೆಚ್ಚು ಹಾನಿಕರವಾಗಬಲ್ಲುದು. ಇಂಗ್ಲಿಷಿನ ಓದಿಗೆ ಸಂಬಂಧಿಸಿದ ಸಂಶೋಧನೆ ಧ್ವನಿಮಾ ಪ್ರಜ್ಞೆಯನ್ನು, ಅಂದರೆ ಪದವನ್ನು ಬಿಡಿ ಧ್ವನಿಗಳಾಗಿ ಒಡೆಯುವ ಶಕ್ತಿಯನ್ನು, ಅಕ್ಷರಜ್ಞಾನದ ಹೊಸ್ತಿಲೆಂದು ಭಾವಿಸಿತು. ಕನ್ನಡ ಲಿಪಿಯ ಘಟಕ ಬಿಡಿ ಧ್ವನಿಯಲ್ಲ, ಅಕ್ಷರ. 34 ವ್ಯಂಜನಗಳು 13 ಸ್ವರಗಳೊಡನೆ ಕೂಡಿದರೆ ಕಾಗುಣಿತದ ರೂಪಗಳೇ ನಾನೂರನ್ನು ಮೀರುತ್ತವೆ. ಒತ್ತಕ್ಷರಗಳು ಇದರ ಮೇಲೆ. ಪ್ರತಿಭಾ ಕಾರಂತರೂ ಅವರ ಸಹೋದ್ಯೋಗಿಗಳೂ 1993ರಲ್ಲೇ ಇಂಥ ಲಿಪಿಗಳಲ್ಲಿ ಓದು ಕಲಿಯಲು ಧ್ವನಿಮಾ ಪ್ರಜ್ಞೆ ಅನಿವಾರ್ಯವೇ ಎಂದು ಪ್ರಶ್ನಿಸಿದ್ದರು. ಸೊನಾಲಿ ನಾಗ್ ಅವರ 2007ರ ಅಧ್ಯಯನ ಎರಡು ಸಂಗತಿಗಳನ್ನು ತೋರಿಸಿತು: ಕನ್ನಡದ ಮಕ್ಕಳಲ್ಲಿ ಉಚ್ಚಾರಾಂಶದ ಪ್ರಜ್ಞೆ ಬೇಗ ಮೂಡಿ ಧ್ವನಿಮಾ ಪ್ರಜ್ಞೆ ನಿಧಾನವಾಗಿ ಬರುತ್ತದೆ, ಅಕ್ಷರ ಸಂಪತ್ತಿನ ಗಳಿಕೆ ಮೊದಲ ತರಗತಿಗೆ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ. ಎರಡನೆಯ ತರಗತಿಯಲ್ಲಿ ‘ಷ್ಟ್ರ’ ಓದಲಾರದ ಮಗುವನ್ನು ಇಂಗ್ಲಿಷ್ ಅಳತೆಗೋಲಿನಿಂದ ಹಿಂದುಳಿದದ್ದೆಂದು ಗುರುತಿಸಿದರೆ, ಲಿಪಿಯ ಸ್ವಭಾವವನ್ನು ಮಗುವಿನ ಕೊರತೆಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಈ ಹಿನ್ನೆಲೆಯಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿ ಗಮನಾರ್ಹ. ಅದು ವರ್ಣಮಾಲೆಯ ಶಾಸ್ತ್ರೀಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂಬ ಗುಂಪಿನಿಂದ ತೊಡಗುತ್ತದೆ. ಈ ಐದನ್ನು ಕಲಿತ ಮಗು ಅಗಸ, ಅರಸ, ಸರ, ಗರಗಸ ಎಂಬ ಪದಗಳನ್ನು ಕೂಡಲೇ ಓದಬಲ್ಲುದು. ಸ್ಥಾನ ಪ್ರಯತ್ನಗಳ ಆಧಾರದ ಮೇಲೆ ನಿಂತ ಸಾಂಪ್ರದಾಯಿಕ ವರ್ಗೀಕರಣ ವೈಯಾಕರಣನಿಗೆ ಅದ್ಭುತವಾದುದು. ಆದರೆ ಕ, ಖ, ಗ, ಘ, ಙ ಕಲಿತ ಆರು ವರ್ಷದ ಮಗುವಿಗೆ ಓದಲು ಸಿಗುವ ಪದಗಳು ತೀರ ಕಡಿಮೆ. ಭಿನ್ನ ಹಂತದ ಮಕ್ಕಳನ್ನು ಒಂದೇ ಗುಂಪಿನಲ್ಲಿ ಕೂರಿಸಿ, ಬಲ್ಲ ಮಗು ಅರಿಯದ ಮಗುವಿಗೆ ನೆರವಾಗುವಂತೆ ಮಾಡುವ ಅದರ ಏರ್ಪಾಡು ವೈಗೊಟ್‌ಸ್ಕಿಯ ಸಮೀಪಾಭಿವೃದ್ಧಿ ವಲಯದ ಕಲ್ಪನೆಗೆ ಹತ್ತಿರವಾದುದು. ಇಂಥ ತರಗತಿಯಲ್ಲಿ ಗದ್ದಲವಿರುತ್ತದೆ, ಮತ್ತು ಆ ಗದ್ದಲದ ಒಂದು ಪಾಲು ಮಕ್ಕಳು ಗರಗಸವನ್ನು ಬೆರಳಿಟ್ಟು ಓದುತ್ತ ತಮಗೆ ತಾವೇ ಹೇಳಿಕೊಳ್ಳುವ ಮಾತು.