ಗಂಧಯುಕ್ತಿ: ಸುಗಂಧ ರಚನೆಯಲ್ಲಿ ಪ್ರಮಾಣ ಮತ್ತು ಕ್ರಮ

ಠಾಣೆ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಲ್ಯಾಣವೆಂದರೆ ಮೊದಲು ನೆನಪಾಗುವುದು ರೈಲ್ವೆ ಜಂಕ್ಷನ್. ಸಾಹಿತ್ಯದ ವಿದ್ಯಾರ್ಥಿಗೆ ಅದೇ ಹೆಸರು ಚಾಲುಕ್ಯರ ರಾಜಧಾನಿಯಾಗಿದ್ದ ಇಂದಿನ ಬಸವಕಲ್ಯಾಣವನ್ನು ನೆನಪಿಗೆ ತರುತ್ತದೆ. ಅಲ್ಲಿಂದ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಪೂರೈಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ವಿಲೇಪನ, ಧೂಪ, ತಾಂಬೂಲಗಳ ವಿವರವಾದ ಪ್ರಕರಣಗಳಿವೆ. ಅದಕ್ಕೂ ಸುಮಾರು ಒಂದು ಶತಮಾನದ ಹಿಂದೆಯೇ ಇಮ್ಮಡಿ ಚಾವುಂಡರಾಯನು ಕನ್ನಡದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದ, ಪಾಕಶಾಸ್ತ್ರಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದನು. ಶಾಸ್ತ್ರವಾಗಿ ಬರೆದಿಡತಕ್ಕ ವಿದ್ಯೆಯೆಂದೇ ನಮ್ಮ ಪೂರ್ವಿಕರು ಇದನ್ನು ಎಣಿಸಿದ್ದರು.

ಈ ವಿದ್ಯೆಗೆ ಪರಂಪರೆಯಲ್ಲಿರುವ ಹೆಸರು ‘ಗಂಧಯುಕ್ತಿ’. ಸಂಸ್ಕೃತದಲ್ಲಿ ಯುಕ್ತಿಯೆಂದರೆ ಕೂಡಿಸುವಿಕೆ. ಕನ್ನಡದ ಬಳಕೆಯಲ್ಲಿ ಅದು ಜಾಣ್ಮೆಯೂ ಹೌದು. ಸುಗಂಧವನ್ನು ಕೂಡಿಸುವ ಗಂಧಿಗನಿಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ. ಶ್ರೀಗಂಧ, ಅಗರು, ಕರ್ಪೂರ, ಕಸ್ತೂರಿಗಳು ಎಲ್ಲ ಗಂಧಿಗರಿಗೂ ಸಮಾನವಾದ ಸಾಮಗ್ರಿ. ಒಬ್ಬನ ಶೈಲಿ ಮತ್ತೊಬ್ಬನಿಂದ ಬೇರೆಯಾಗುವುದು ಪ್ರಮಾಣದಲ್ಲಿ ಮತ್ತು ಕ್ರಮದಲ್ಲಿ.

ಪ್ರಮಾಣದ ವಿಚಾರವನ್ನು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ ಸ್ಪಷ್ಟವಾಗಿ ನಿರೂಪಿಸುತ್ತದೆ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1820 ಸಂಯೋಜನೆಗಳಾಗುತ್ತವೆಂದು ಅವನು ಲೆಕ್ಕ ಕೊಡುತ್ತಾನೆ. ಆದರೆ ಈ ಸಮೃದ್ಧಿಯ ನಡುವೆಯೇ ಒಂದು ನಿಯಮವಿದೆ: ಕೊತ್ತಂಬರಿಯ ಗಂಧ ಅತಿ ತೀಕ್ಷ್ಣವಾದುದರಿಂದ ಅದಕ್ಕೆ ಯಾವಾಗಲೂ ಒಂದೇ ಭಾಗ, ಕರ್ಪೂರ ಅದಕ್ಕಿಂತಲೂ ಕಡಿಮೆ. ಇಂಗು ಹೆಚ್ಚಾದ ಸಾರಿನಲ್ಲಿ ಬೇರೆ ರುಚಿಗಳು ಮುಚ್ಚಿಹೋಗುವುದನ್ನು ಬಲ್ಲವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ.

ಅದೇ ಅಧ್ಯಾಯದಲ್ಲಿ ‘ಸರ್ವತೋಭದ್ರ’ವೆಂಬ ಹದಿನಾರು ಮನೆಗಳ ಚೌಕವೊಂದಿದೆ. ಪ್ರತಿ ಮನೆಗೂ ಒಂದು ದ್ರವ್ಯ, ಅದರ ಭಾಗಸಂಖ್ಯೆ. ಮೊದಲ ಸಾಲಿನಲ್ಲಿ ಅಗರು 2, ಪತ್ರೆ 3, ತುರುಷ್ಕ 5, ಶೈಲೇಯ ಅಂದರೆ ಕಲ್ಲುಹೂವು 8. ಅಡ್ಡಲಾಗಿ, ಉದ್ದಕ್ಕೆ, ಕರ್ಣರೇಖೆಯಲ್ಲಿ ಹೇಗೆ ಕೂಡಿದರೂ ಮೊತ್ತ 18. ಹೀಗೆ ಆರಿಸಿದ ನಾಲ್ಕನ್ನು ಜಾಯಿಕಾಯಿ, ಕಸ್ತೂರಿ, ಕರ್ಪೂರಗಳಿಂದ ‘ಬೋಧ’ಗೊಳಿಸಿ, ಮಾವಿನ ರಸ ಮತ್ತು ಜೇನಿನಿಂದ ತೋಯಿಸಿದರೆ ಪಾರಿಜಾತದಂಥ ಪರಿಮಳಗಳು ಸಿದ್ಧಿಸುತ್ತವೆ ಎನ್ನುತ್ತದೆ ಗ್ರಂಥ. ಗಣಿತವು ಇಲ್ಲಿ ಆಯ್ಕೆಯ ಎಲ್ಲೆಯನ್ನು ಹಾಕಿಕೊಡುತ್ತದೆ. ಆ ಎಲ್ಲೆಯೊಳಗೆ ಯಾವ ನಾಲ್ಕನ್ನು ಹಿಡಿಯಬೇಕೆಂಬುದು ಗಂಧಿಗನ ಇಚ್ಛೆಗೆ ಬಿಟ್ಟದ್ದು.

ಕ್ರಮದ ವಿಚಾರಕ್ಕೆ 1989ರಲ್ಲಿ ಬರೋಡದಿಂದ ಪ್ರಕಟವಾದ ಗಂಗಾಧರನ ‘ಗಂಧಸಾರ’ ಮುಖ್ಯ ಆಧಾರ. ಭಾವನ, ಪಚನ, ಬೋಧ, ವೇಧ, ಧೂಪನ, ವಾಸನ ಎಂಬ ಆರು ಕ್ರಿಯೆಗಳನ್ನು ಅದು ಹೇಳುತ್ತದೆ: ಪುಡಿಗೆ ರಸ ಊಡಿಸುವುದು, ಬೇಯಿಸುವುದು, ಗಂಧವನ್ನು ಎಚ್ಚರಿಸುವುದು, ತೀಕ್ಷ್ಣಗೊಳಿಸುವುದು, ಹೊಗೆ ಕೊಡುವುದು, ಹೂವಿನೊಡನೆ ಇಟ್ಟು ಪರಿಮಳ ಹಿಡಿಸುವುದು. ಇಂದು ‘ವಾಸನೆ’ಯೆಂದರೆ ಮೂಗು ಮುಚ್ಚಿಕೊಳ್ಳುವ ನಾವು ಆ ಪದದ ಮೂಲಗೌರವವನ್ನು ಮರೆತಿದ್ದೇವೆ. ಮಾನಸೋಲ್ಲಾಸವಾದರೋ ಋತುವಿಗೆ ತಕ್ಕಂತೆ ವಿಲೇಪನವನ್ನು ಬದಲಿಸುತ್ತದೆ. ತೊಡುವವನ ಮೈ ಮತ್ತು ಕಾಲಗಳೂ ರಚನೆಯ ಅಂಗಗಳೆಂಬ ತಿಳಿವು ಅಲ್ಲಿದೆ.

ಆಧುನಿಕ ಸುಗಂಧಕಾರನೂ ಇದೇ ಸಮಸ್ಯೆಯನ್ನು ಎದುರಿಸುತ್ತಾನೆ. ಮೊದಲು ಹಾರಿಹೋಗುವ, ನಡುವೆ ನಿಲ್ಲುವ, ಕೊನೆಯವರೆಗೆ ಉಳಿಯುವ ದ್ರವ್ಯಗಳೆಂದು ಅವನು ಮೂರು ಹಂತಗಳನ್ನು ಮಾಡಿಕೊಳ್ಳುತ್ತಾನೆ. ಮೈಸೂರಿನಲ್ಲಿ ಶ್ರೀಗಂಧದ ಎಣ್ಣೆಯ ಕಾರ್ಖಾನೆ 1916ರಲ್ಲಿ ಆರಂಭವಾಯಿತು. ಠಾಣೆಗೆ ಹೊಂದಿಕೊಂಡಿರುವ ಮುಲುಂಡಿನೊಡನೆ ಹೆಸರು ಬೆಸೆದುಕೊಂಡಿರುವ ಎಸ್. ಎಚ್. ಕೇಳ್ಕರ್ ಸಂಸ್ಥೆ 1922ರಲ್ಲಿ ಸ್ಥಾಪನೆಯಾಯಿತು. ಹೀಗೆ ಕನ್ನಡನಾಡಿನ ಗಂಧವೂ ಈ ಪ್ರದೇಶದ ಸುಗಂಧೋದ್ಯಮವೂ ಒಂದೇ ಕಾಲಘಟ್ಟದಲ್ಲಿ ಯಂತ್ರಯುಗವನ್ನು ಪ್ರವೇಶಿಸಿದವು.

ಆದರೆ ಹಳೆಯ ಸೂತ್ರವೊಂದನ್ನು ಇಂದು ಯಥಾವತ್ತಾಗಿ ಪುನಃ ಸೃಷ್ಟಿಸುವುದು ಕಷ್ಟ. ಸರ್ವತೋಭದ್ರದ ‘ಸ್ಪೃಕ್ಕಾ’ ಯಾವ ಗಿಡವೆಂಬ ಬಗ್ಗೆ ಒಮ್ಮತವಿಲ್ಲ. ಕಸ್ತೂರಿಮೃಗವನ್ನು 1972ರ ವನ್ಯಜೀವಿ ಕಾಯ್ದೆ ರಕ್ಷಿಸುತ್ತದೆ. ಅದು ಯುಕ್ತವೇ ಆಗಿದೆ. ಅಂಕಿಗಳು ತಾಳೆಗರಿಯಲ್ಲಿ ಉಳಿದವು, ಅವುಗಳ ಹದವನ್ನು ಬಲ್ಲ ಮೂಗು ಗಂಧಿಗನೊಡನೆಯೇ ಹೋಯಿತು. ಆದುದರಿಂದ ಲೋಕೋಪಕಾರದಂಥ ಕೃತಿಗಳ ಗಂಧಭಾಗವನ್ನು ಕನ್ನಡದ ವಿದ್ಯಾರ್ಥಿಗಳು ಸಸ್ಯಶಾಸ್ತ್ರಜ್ಞರ, ರಸಾಯನಶಾಸ್ತ್ರಜ್ಞರ ಜೊತೆ ಕುಳಿತು ಓದಬೇಕಾಗಿದೆ. ಪದಕೋಶ ತಿಳಿಸುವ ಅರ್ಥವನ್ನು ಒಮ್ಮೆಯಾದರೂ ಮೂಸಿ ನೋಡಿದಾಗಲೇ ಆ ಓದು ಪೂರ್ಣವಾದೀತು.