ತೊಗರಿಯ ಬಲೆಹುಳು: ಹೆಸರೊಂದು, ಜಾತಿಯೆಷ್ಟು?

ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಮುಖ್ಯ ಬೆಳೆಗಳಲ್ಲಿ ತೊಗರಿಯೂ ಒಂದಾಗಿರುವುದು. ಹೂ ಬಿಡುವ ಕಾಲದಲ್ಲಿ ಮೋಡ ಕವಿದು ತಂಪು ನಿಂತರೆ, ಮೊಗ್ಗು, ಹೂ, ಎಳೆಗಾಯಿಗಳನ್ನು ನೂಲಿನಿಂದ ಹೆಣೆದು ಒಳಗೆ ಅಡಗಿ ತಿನ್ನುವ ಹುಳುವು ಕಾಣಿಸಿಕೊಳ್ಳುವುದು. ಶಾಸ್ತ್ರಜ್ಞರು ಇದನ್ನು ಮಾರುಕಾ ವಿಟ್ರಾಟಾ ಎಂದು ಕರೆಯುವರು. ಈ ಹೆಸರಿನಡಿ ಇರುವುದು ಒಂದೇ ಜಾತಿಯೋ ಹಲವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಈ ಸಂದೇಹವು ರೈತನ ಖರ್ಚಿಗೂ ಸಂಬಂಧಪಟ್ಟುದಾಗಿದೆ.

ಹುಳುವಿನ ಮೈ ಬಿಳಿಹಳದಿ. ಬೆನ್ನಿನ ಮೇಲೆ ಜೋಡಿಜೋಡಿಯಾಗಿ ಕಪ್ಪು ಚುಕ್ಕೆಗಳಿರುವುವು. ಇದರ ಪತಂಗದ ಮುಂದಿನ ರೆಕ್ಕೆ ಕಂದು ಬಣ್ಣದ್ದು, ನಡುವೆ ಗಾಜಿನಂಥ ಬಿಳಿಯ ಮಚ್ಚೆಗಳು. ಹಿಂದಿನ ರೆಕ್ಕೆ ಬಹುಪಾಲು ಪಾರದರ್ಶಕ. ಕಾಯಿಯಲ್ಲಿ ದುಂಡನೆಯ ರಂಧ್ರ ಕೊರೆದು, ಅರ್ಧ ಮೈಯನ್ನು ಹೊರಗಿಟ್ಟು ತಿನ್ನುವ ದೊಡ್ಡ ಕಾಯಿಕೊರಕವು ಬೇರೆ. ಅದು ಬಲೆ ಕಟ್ಟುವುದಿಲ್ಲ.

1787ರಲ್ಲಿ ಫಾಬ್ರಿಸಿಯಸ್ ಎಂಬ ಪಂಡಿತನು ಇದಕ್ಕೆ ವಿಟ್ರಾಟಾ ಎಂದು ಹೆಸರಿಟ್ಟನು. 1832ರಲ್ಲಿ ಗೈಯರ್ ಎಂಬಾತನು ಕೊಟ್ಟ ಟೆಸ್ಟುಲಾಲಿಸ್ ಎಂಬ ಹೆಸರು ಬಹುಕಾಲ ಪುಸ್ತಕಗಳಲ್ಲಿ ನಡೆಯಿತು; ಆದುದರಿಂದ ಹಳೆಯ ಪುಸ್ತಕದ ಟೆಸ್ಟುಲಾಲಿಸ್ ಇದೇ ಹುಳುವೆಂದು ತಿಳಿಯತಕ್ಕದ್ದು. 2015ರಲ್ಲಿ ಪ್ರಕಟವಾದ ಅನುವಂಶ ಪರೀಕ್ಷೆಯಲ್ಲಿ ಮೂರು ಗುಂಪುಗಳು ಹೊರಬಿದ್ದವು. ಲ್ಯಾಟಿನ್ ಅಮೆರಿಕದ್ದು ಏಷ್ಯಾ-ಆಫ್ರಿಕಗಳದಕ್ಕಿಂತ ಬೇರೆಯಾಗಿ ಕಂಡಿತು. ಇವು ಬೇರೆ ಜಾತಿಗಳಾಗಿರಬಹುದೆಂದು ಸಂಶೋಧಕರು ಭಾವಿಸಿದರು.

ಹೆಸರಿನ ಈ ಗೊಂದಲದ ಫಲವು ಮೋಹಕ ಬಲೆಯಲ್ಲಿ ಕಾಣುವುದು. ಹೆಣ್ಣು ಪತಂಗದ ವಾಸನೆಯನ್ನು ಹೋಲುವ ವಸ್ತುವಿನಿಂದ ಗಂಡನ್ನು ಸೆಳೆಯುವುದೇ ಇದರ ಯುಕ್ತಿ. ಪಶ್ಚಿಮ ಆಫ್ರಿಕದ ಬೆನಿನ್ ದೇಶದಲ್ಲಿ ಫಲಕೊಟ್ಟ ಮಿಶ್ರಣವು ಆಗ್ನೇಯ ಏಷ್ಯಾದಲ್ಲಿ ಫಲಕೊಡಲಿಲ್ಲ. ಹೀಗಾಗಿ ಬೇರೆ ದೇಶದ ಅನುಭವವನ್ನು ನಂಬಿ ಹಣ ಹಾಕುವುದು ವಿವೇಕವಲ್ಲ. ದೊಡ್ಡ ಕಾಯಿಕೊರಕಕ್ಕೆ ಮಾರುವ ಮೋಹಕವಂತೂ ಬಲೆಹುಳುವಿನ ಪತಂಗವನ್ನು ಸೆಳೆಯುವುದಿಲ್ಲ. ಆ ಬಲೆ ಬರಿದಾಗಿದೆಯೆಂದು ಹೊಲ ಸುರಕ್ಷಿತವೆಂದು ಭಾವಿಸಬಾರದು.

ಆದಕಾರಣ ಮೊಗ್ಗು ಮೂಡಿದಂದಿನಿಂದ ಹೊಲವನ್ನು ಕಣ್ಣಾರೆ ನೋಡುವುದೇ ಉತ್ತಮ. ಹೆಣೆದುಕೊಂಡ ಮೊದಲ ಗೊಂಚಲುಗಳನ್ನು ಕಿತ್ತು ನಾಶಮಾಡಬೇಕು. 100 ಲೀಟರ್ ನೀರಿಗೆ 5 ಕಿಲೋ ಬೇವಿನ ಬೀಜದ ತಿರುಳಿನ ಕಷಾಯವನ್ನು ಬಲೆ ದಟ್ಟವಾಗುವ ಮುನ್ನ ಸಿಂಪಡಿಸಬೇಕು; ಬಲೆ ಮುಚ್ಚಿದ ಮೇಲೆ ಯಾವ ಔಷಧವೂ ಹುಳುವನ್ನು ಸುಲಭವಾಗಿ ತಲುಪದು. ಗ್ರಾಮದ ಪ್ರಮುಖರು ಸಂದೇಹ ಬಂದ ಹುಳುಗಳನ್ನು ಗೊಂಚಲುಸಹಿತ ಬೀದರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸುವುದು ಶ್ರೇಯಸ್ಕರ. ಜಾತಿಯ ಪ್ರಶ್ನೆ ವಿದ್ವಾಂಸರಲ್ಲಿ ತೀರುವ ತನಕ ಬೆಳೆ ಕಾಯಲಾರದು.