ಸೇನ್ ನದಿಗೆ ಬರುವ ಹಾಯಿಹಡಗುಗಳು: ರುವಾನ್ ನಗರದ ಆರ್ಮಾಡಾ ಉತ್ಸವ

ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ರುವಾನ್ ನಗರವು, ನದಿಯ ಹಾದಿಯಲ್ಲಿ ಅಳೆದರೆ, ಸಮುದ್ರದಿಂದ ಸುಮಾರು 120 ಕಿಲೋಮೀಟರ್ ಒಳಗಿದೆ. ಹೀಗಿದ್ದರೂ ನಾಲ್ಕರಿಂದ ಆರು ವರ್ಷಗಳಿಗೊಮ್ಮೆ, ಬೇಸಿಗೆಯಲ್ಲಿ ಹತ್ತು ಹನ್ನೊಂದು ದಿನಗಳ ಕಾಲ, ಅಟ್ಲಾಂಟಿಕ್ ಸಾಗರವನ್ನು ದಾಟಿ ಬರುವಂಥ ಹಾಯಿಹಡಗುಗಳು ಈ ಊರಿನಲ್ಲಿ ಹರಿಯುವ ಸೇನ್ ನದಿಯ ಎರಡೂ ದಂಡೆಗಳಿಗೆ ಬಂದು ಸಾಲಾಗಿ ನಿಲ್ಲುತ್ತವೆ. ‘ಆರ್ಮಾಡಾ’ ಎಂದು ಕರೆಯಲ್ಪಡುವ ಈ ಉತ್ಸವಕ್ಕೆ ಪ್ರವೇಶ ಶುಲ್ಕವಿಲ್ಲ. ದಂಡೆಯ ಮೇಲೆ ನಡೆದಾಡುವುದಕ್ಕಷ್ಟೇ ಅಲ್ಲದೆ, ತೆರೆದಿಟ್ಟ ಹೆಚ್ಚಿನ ಹಡಗುಗಳ ಡೆಕ್ ಹತ್ತಿ ನೋಡುವುದಕ್ಕೂ ಟಿಕೆಟ್ ಕೊಳ್ಳಬೇಕಾಗಿಲ್ಲವಾದ್ದರಿಂದ, ಅಜ್ಜ ಅಜ್ಜಿಯರಿಂದ ತಳ್ಳುಗಾಡಿಯ ಕೂಸಿನವರೆಗೆ ಇಡೀ ಮನೆಮಂದಿ ಒಟ್ಟಾಗಿ ಬಂದು ಒಂದು ದಿನವನ್ನು ಕಳೆಯುವುದು ಇಲ್ಲಿ ರೂಢಿಯಾಗಿದೆ. ಹಾಯಿಯ ಹಬ್ಬವೆಂದು ಹೆಸರಾಗಿದ್ದರೂ ಇದು ನಡೆಯಲು ಗಾಳಿಗಿಂತ ಮುಖ್ಯವಾದ ಕಾರಣ ನದಿಯೇ. ಅದರಲ್ಲೂ ಸುಮಾರು ಎರಡು ಶತಮಾನಗಳಿಂದ ಎಂಜಿನಿಯರುಗಳು ತಿದ್ದಿ ತೀಡಿದ ನದಿ.

ಮೊದಲ ಉತ್ಸವ ನಡೆದದ್ದು 1989ರ ಜುಲೈ ತಿಂಗಳಿನಲ್ಲಿ. ಫ್ರೆಂಚ್ ಕ್ರಾಂತಿಯ ಇನ್ನೂರನೆಯ ವರ್ಷವನ್ನು ದೇಶವೆಲ್ಲ ಆಚರಿಸುತ್ತಿದ್ದಾಗ, ರುವಾನ್ ನಗರವು ‘ಸ್ವಾತಂತ್ರ್ಯದ ಹಾಯಿಗಳು’ ಎಂಬ ಹೆಸರಿನಲ್ಲಿ ಹಡಗುಗಳನ್ನು ಕರೆಸಿತು. ಅಂದಿನ ಮೇಯರ್ ಜಾನ್ ಲೆಕಾನುಯೆ ಅವರ ಬೆಂಬಲದಿಂದ ಆರಂಭವಾದ ಈ ಕಾರ್ಯವನ್ನು ಮುಂದೆ ದಶಕಗಳ ಕಾಲ ಮುನ್ನಡೆಸಿದವರು ಪಾತ್ರಿಕ್ ಎರ್. ನಾರ್ಮಂಡಿಯ ಕಡಲತೀರದಲ್ಲಿ ಮಿತ್ರಪಡೆಗಳು ಇಳಿದ ಐವತ್ತನೆಯ ವರ್ಷವಾದ 1994ರಲ್ಲಿ ಎರಡನೆಯ ಉತ್ಸವ ನಡೆಯಿತು. ಅನಂತರ 1999, 2003, 2008, 2013, 2019 ಮತ್ತು 2023ರಲ್ಲಿ ಅದು ಮರಳಿ ಬಂದಿದೆ. ಪ್ರತಿವರ್ಷದ ಜಾತ್ರೆಯಾಗದೆ ಹೀಗೆ ಬಿಡುವು ಕೊಟ್ಟು ಬರುವುದರಿಂದ, ಒಬ್ಬರ ಬಾಲ್ಯದಲ್ಲಿ ಇದು ಎರಡು ಮೂರು ಸಲಕ್ಕಿಂತ ಹೆಚ್ಚು ಒದಗುವುದಿಲ್ಲ, ಮತ್ತು ಹಿಂದಿನ ಸಲ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ಮಗು ಮುಂದಿನ ಸಲ ಶಾಲೆಯ ಹುಡುಗನಾಗಿ ಪ್ರಶ್ನೆಗಳೊಡನೆ ಬರುತ್ತದೆ. ಪ್ರತಿ ಸಲವೂ ಲಕ್ಷ ಲಕ್ಷ ಜನ ಬಂದರೆಂದು ಸಂಘಟಕರು ಪ್ರಕಟಿಸುತ್ತಾರೆ. ಬಾಗಿಲೂ ಟಿಕೆಟ್ಟೂ ಇಲ್ಲದ ಬಯಲಿನಲ್ಲಿ ಒಬ್ಬನೇ ಮೂರು ದಿನ ಬಂದರೆ ಮೂವರೆಂದು ಲೆಕ್ಕಕ್ಕೆ ಸೇರುವುದು ಸಹಜವಾದ್ದರಿಂದ, ಆ ಸಂಖ್ಯೆಗಳನ್ನು ಜನರ ಎಣಿಕೆಯೆನ್ನುವ ಬದಲು ಭೇಟಿಗಳ ಅಂದಾಜು ಎಂದು ತಿಳಿಯುವುದೇ ಸರಿ.

ಇಷ್ಟು ದೊಡ್ಡ ಹಡಗುಗಳು ಒಳನಾಡಿನ ಊರಿಗೆ ಬರುವುದು ಹೇಗೆಂಬುದನ್ನು ತಿಳಿಯಬೇಕಾದರೆ ಉಬ್ಬರ ಇಳಿತಗಳ ವಿಷಯಕ್ಕೆ ಬರಬೇಕು. ಸೇನ್ ನದಿ ಕಡಲನ್ನು ಸೇರುವ ಲ ಹಾವ್ರ್ ಬಂದರಿನ ಬಳಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದಿನಗಳಲ್ಲಿ, ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟದಲ್ಲಿ ಏಳು ಮೀಟರಿಗೂ ಹೆಚ್ಚಿನ ವ್ಯತ್ಯಾಸವಿರುತ್ತದೆ. ಈ ಉಬ್ಬರವು ನದಿಯೊಳಗೆ ನುಗ್ಗಿ, ರುವಾನ್ ನಗರವನ್ನೂ ದಾಟಿ, ಇನ್ನೂ ಮೇಲಕ್ಕಿರುವ ಪೋಜ್ ಎಂಬಲ್ಲಿಯ ಅಣೆಕಟ್ಟೆಯವರೆಗೆ ಹೋಗಿ ನಿಲ್ಲುತ್ತದೆ. ಒಳನಾಡಿನತ್ತ ಬರುವ ಹಡಗು ನದೀಮುಖವನ್ನು ಉಬ್ಬರದ ಹೊತ್ತಿಗೆ ಪ್ರವೇಶಿಸಿದರೆ, ಅದೇ ಉಬ್ಬರ ಮೇಲ್ಮುಖವಾಗಿ ಸಾಗುವಾಗ ತಾನೂ ಜೊತೆಗೆ ಸಾಗಿ, ದಾರಿಯುದ್ದಕ್ಕೂ ಆಳವಾದ ನೀರನ್ನು ಪಡೆಯುತ್ತದೆ. ಸಮುದ್ರದತ್ತ ಹಿಂದಿರುಗುವ ಹಡಗಿಗೆ ಈ ಸೌಕರ್ಯವಿಲ್ಲ. ಅದು ಎಲ್ಲಿಂದ ಹೊರಟರೂ ಎಲ್ಲೋ ಒಂದೆಡೆ ಇಳಿತದ ನೀರನ್ನು ಎದುರಿಸಲೇಬೇಕಾಗುತ್ತದೆ. ಆದ್ದರಿಂದಲೇ ನದಿಯ ಪ್ರತಿ ತಿರುವನ್ನೂ ಬಲ್ಲ ಪೈಲಟ್, ಅಂದರೆ ಹಡಗಿಗೆ ಹತ್ತಿ ಕಪ್ತಾನನಿಗೆ ದಾರಿ ತೋರಿಸುವ ಸ್ಥಳೀಯ ನಾವಿಕ, ಇಲ್ಲಿ ಬಹಳ ಮುಖ್ಯನಾದ ವ್ಯಕ್ತಿ.

ಹಳೆಯ ಸೇನ್ ಇಷ್ಟು ಸಾಧುವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಅದರ ಕೆಳಹರಿವಿನಲ್ಲಿ ಮರಳದಿಬ್ಬಗಳು ಇಂದು ಇಲ್ಲಿ, ನಾಳೆ ಅಲ್ಲಿ ಎಂಬಂತೆ ಸರಿಯುತ್ತಿದ್ದವು. ಉಬ್ಬರದ ಮುಂಚೂಣಿಯ ನೀರು ಗೋಡೆಯಂತೆ ಎದ್ದು ನದಿಯ ಹರಿವಿಗೆ ಎದುರಾಗಿ ನುಗ್ಗುವ ‘ಮಾಸ್ಕಾರೆ’ ಎಂಬ ಅಲೆ ಕೋದಬೆಕ್ ಊರಿನ ದಂಡೆಗೆ ಅಪ್ಪಳಿಸುತ್ತಿತ್ತು, ಮತ್ತು ಅದನ್ನು ನೋಡಲೆಂದೇ ಪ್ಯಾರಿಸ್ಸಿನಿಂದ ಜನ ಬರುತ್ತಿದ್ದರು. ಸಮೀಪದ ವಿಲ್ಕಿಯೇ ಎಂಬ ಹಳ್ಳಿಯ ಬಳಿ 1843ರಲ್ಲಿ ಹಾಯಿದೋಣಿಯೊಂದು ಮಗುಚಿ, ಕವಿ ವಿಕ್ಟರ್ ಹ್ಯೂಗೋ ಅವರ ಹಿರಿಯ ಮಗಳು ಲಿಯೊಪೋಲ್ಡೀನ್ ತನ್ನ ಗಂಡನೊಡನೆ ಮುಳುಗಿ ತೀರಿಕೊಂಡಳು. ಆ ಹಳ್ಳಿಯಲ್ಲಿ ಇಂದು ಹ್ಯೂಗೋ ಅವರ ಹೆಸರಿನ ವಸ್ತುಸಂಗ್ರಹಾಲಯವಿದೆ. 1848ರಿಂದ ಆರಂಭವಾದ ಕೆಲಸಗಳಲ್ಲಿ ನದಿಯ ಎರಡು ಬದಿಗೂ ಒಡ್ಡುಗಳನ್ನು ಕಟ್ಟಿ ಹರಿವನ್ನು ಕಿರಿದುಗೊಳಿಸಲಾಯಿತು, ಹಾಗೆ ವೇಗ ಪಡೆದ ನೀರು ತಾನಾಗಿಯೇ ತಳವನ್ನು ಕೊರೆಯತೊಡಗಿತು, ಉಳಿದ ಹೂಳನ್ನು ಯಂತ್ರಗಳು ಎತ್ತಿದವು. 1960ರ ದಶಕದ ಹೊತ್ತಿಗೆ ಮಾಸ್ಕಾರೆ ಇಲ್ಲವಾಯಿತು. ಈ ಎಲ್ಲ ಶ್ರಮದ ಉದ್ದೇಶ ವ್ಯಾಪಾರ; ರುವಾನ್ ಇಂದಿಗೂ ಗೋಧಿಯ ರಫ್ತಿಗೆ ಹೆಸರಾದ ಬಂದರು. ಧಾನ್ಯದ ಹಡಗುಗಳಿಗಾಗಿ ಕಾಪಾಡಿಕೊಂಡು ಬಂದ ಆಳದಲ್ಲೇ ಉತ್ಸವದ ಹಾಯಿಹಡಗುಗಳೂ ತೇಲಿ ಬರುತ್ತವೆ.

ಆಳವಿದ್ದರೆ ಸಾಲದು, ತಲೆಯ ಮೇಲೆ ಎತ್ತರವೂ ಬೇಕು. ದೊಡ್ಡ ಹಾಯಿಹಡಗುಗಳ ಕಂಬಗಳು ನೀರಿನ ಮಟ್ಟದಿಂದ ಐವತ್ತು ಮೀಟರಿನ ಹತ್ತಿರಕ್ಕೆ ಏರುತ್ತವೆ. ಸಮುದ್ರದ ಕಡೆಯಿಂದ ಬರುವಾಗ ಮೊದಲು ಎದುರಾಗುವುದು 1995ರಲ್ಲಿ ಸಂಚಾರಕ್ಕೆ ತೆರೆದ ನಾರ್ಮಂಡಿ ಸೇತುವೆ, ಆಮೇಲೆ 1959ರ ತಾಂಕಾರ್ವಿಲ್ ಸೇತುವೆ, ಅನಂತರ 1977ರ ಬ್ರೊತೋನ್ ಸೇತುವೆ. ಕೆಳಗೆ ಹಡಗುಗಳು ಹೋಗಬೇಕೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇವನ್ನೆಲ್ಲ ಬಹಳ ಎತ್ತರದಲ್ಲಿ ಕಟ್ಟಲಾಗಿದೆ. ತೊಡಕು ಉಂಟಾದದ್ದು ರುವಾನ್ ನಗರದಲ್ಲೇ. ಊರಿನ ವಾಹನ ದಟ್ಟಣೆಗೆ ಇನ್ನೊಂದು ಸೇತುವೆ ಬೇಕಾಗಿತ್ತು. ಅದು ತಗ್ಗಾಗಿದ್ದರೆ ಊರ ನಡುವಿನ ದಂಡೆಗಳಿಗೆ ಹಾಯಿಹಡಗು ಬರುವುದು ಶಾಶ್ವತವಾಗಿ ನಿಂತುಹೋಗುತ್ತಿತ್ತು, ಎತ್ತರವಾಗಿದ್ದರೆ ಅದರ ಏರುದಾರಿಗಳೇ ಅರ್ಧ ಊರನ್ನು ನುಂಗುತ್ತಿದ್ದವು. ಇದಕ್ಕೆ ಕಂಡುಕೊಂಡ ಪರಿಹಾರವೇ 2008ರ ಗುಸ್ತಾವ್ ಫ್ಲೊಬೇರ್ ಸೇತುವೆ. ನೂರು ಮೀಟರಿಗೂ ಉದ್ದವಾದ ಇದರ ಎರಡು ರಸ್ತೆಭಾಗಗಳು ಗೋಪುರಗಳ ನಡುವೆ ಉಕ್ಕಿನ ಹಗ್ಗಗಳ ಮೇಲೆ ಲಿಫ್ಟಿನಂತೆ ಮಟ್ಟಸವಾಗಿಯೇ ಮೇಲೇರುತ್ತವೆ, ಮತ್ತು ಪೂರ್ತಿ ಏರಿದಾಗ ನೀರಿನಿಂದ 55 ಮೀಟರ್ ತೆರವು ಸಿಗುತ್ತದೆ. ಹಡಗಿನ ಹಬ್ಬಕ್ಕೆ ದಾರಿ ಬಿಡಬೇಕೆಂದು ಸೇತುವೆಯ ಸ್ವರೂಪವನ್ನೇ ಬದಲಿಸಿದ ನಗರಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಖರ್ಚಿನ ದೃಷ್ಟಿಯಿಂದ ಇದು ದುಬಾರಿ ಮೋಹವೆಂದು ಟೀಕಿಸುವವರ ಮಾತಿನಲ್ಲಿ ಹುರುಳಿದೆ. ಆದರೆ ಆ ಮೋಹವಿಲ್ಲದಿದ್ದರೆ ಹಡಗುಗಳು ಊರಾಚೆಯ ಗೋದಾಮುಗಳ ನಡುವೆ ನಿಲ್ಲಬೇಕಾಗುತ್ತಿತ್ತು.

ದಂಡೆಯ ಮೇಲೆ ನಡೆಯುವ ಕುಟುಂಬಕ್ಕೆ ಮೊದಲ ನೋಟದಲ್ಲಿ ಎಲ್ಲ ಹಡಗುಗಳೂ ಒಂದೇ ಬಗೆಯ ಹಗ್ಗದ ಕಾಡಿನಂತೆ ತೋರುವುದು ಸಹಜ. ಹಾಯಿಯ ಜೋಡಣೆಯನ್ನು ಸ್ವಲ್ಪ ತಿಳಿದರೆ ಅವುಗಳ ಜಾತಿಗಳು ಬೇರ್ಪಡುತ್ತವೆ. ಕಂಬಕ್ಕೆ ಅಡ್ಡಲಾಗಿ ಕಟ್ಟಿದ ‘ಯಾರ್ಡ್’ ಎಂಬ ದೂಲದಿಂದ ಇಳಿಬಿಟ್ಟ ಹಾಯಿ ಚೌಕಹಾಯಿ. ಅದು ಹಿಂದಿನಿಂದ ಬೀಸುವ ಗಾಳಿಯನ್ನು ಹಿಡಿಯುವುದರಲ್ಲಿ ಶ್ರೇಷ್ಠ. ಹಡಗಿನ ಉದ್ದಕ್ಕೆ ಸಮನಾಗಿ ಹರಡಿದ ಹಾಯಿಯಾದರೋ ಎದುರುಗಾಳಿಯಲ್ಲೂ ಓರೆಯಾಗಿ ಮುನ್ನಡೆಯಲು ನೆರವಾಗುತ್ತದೆ ಮತ್ತು ಅದನ್ನು ನಿಭಾಯಿಸಲು ಕಡಿಮೆ ಆಳು ಸಾಕು. ಎಲ್ಲ ಕಂಬಗಳಲ್ಲೂ ಚೌಕಹಾಯಿಯಿದ್ದರೆ ಅದು ಪೂರ್ಣ ಸಜ್ಜಿನ ಹಡಗು, ಹಿಂಬದಿಯ ಕಂಬದಲ್ಲಿ ಮಾತ್ರ ಉದ್ದುದ್ದದ ಹಾಯಿಯಿದ್ದರೆ ‘ಬಾರ್ಕ್’, ಮುಖ್ಯವಾಗಿ ಉದ್ದುದ್ದದ ಹಾಯಿಗಳೇ ಇದ್ದರೆ ‘ಸ್ಕೂನರ್’. ಇಷ್ಟು ತಿಳಿದ ಹತ್ತು ವರ್ಷದ ಮಗು ಅರ್ಧ ಗಂಟೆಯೊಳಗೆ ದೊಡ್ಡವರ ತಪ್ಪನ್ನು ತಿದ್ದತೊಡಗುತ್ತದೆ.

ಹಡಗುಗಳಿಗೆ ಜಾತಿಯಿರುವಂತೆ ಜೀವನಚರಿತ್ರೆಯೂ ಇದೆ. ಫ್ರಾನ್ಸಿನ ಮೂರು ಕಂಬಗಳ ಬಾರ್ಕ್ ‘ಬೆಲೆಂ’ 1896ರಲ್ಲಿ ನಾಂತ್ ನಗರದಲ್ಲಿ ನಿರ್ಮಾಣವಾಯಿತು. ಚಾಕೊಲೇಟ್ ತಯಾರಿಸುವ ಮೆನಿಯೇ ಕಂಪನಿಗಾಗಿ ಬ್ರೆಜಿಲ್ ದೇಶದಿಂದ ಕೋಕೋ ಬೀಜಗಳನ್ನು ತರುವುದು ಅದರ ಮೊದಲ ಕಸುಬು. 1902ರ ಮೇ ತಿಂಗಳಿನಲ್ಲಿ ಅದು ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯೆರ್ ಬಂದರಿಗೆ ಬಂದಾಗ, ತನಗೆ ಮೀಸಲಾಗಿದ್ದ ಜಾಗದಲ್ಲಿ ಬೇರೊಂದು ಹಡಗು ನಿಂತಿದ್ದರಿಂದ, ದ್ವೀಪದ ಇನ್ನೊಂದು ಬದಿಗೆ ಹೋಗಿ ಲಂಗರು ಹಾಕಬೇಕಾಯಿತು. ಮೇ 8ರ ಬೆಳಗ್ಗೆ ಪೆಲೆ ಜ್ವಾಲಾಮುಖಿ ಸಿಡಿದು ಆ ಊರನ್ನೂ ಬಂದರಿನಲ್ಲಿದ್ದ ಹಡಗುಗಳನ್ನೂ ಸುಟ್ಟುಹಾಕಿತು, ಬೆಲೆಂ ಉಳಿಯಿತು. ಮುಂದೆ ಅದು ಇಂಗ್ಲಿಷ್ ಶ್ರೀಮಂತರ ವಿಹಾರನೌಕೆಯಾಗಿ, ವೆನಿಸ್ಸಿನಲ್ಲಿ ಅನಾಥ ಬಾಲಕರ ತರಬೇತಿ ಹಡಗಾಗಿ, 1979ರಲ್ಲಿ ತಾಯ್ನಾಡಿಗೆ ಮರಳಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಜ್ಯೋತಿಯನ್ನು ಗ್ರೀಸ್ ದೇಶದಿಂದ ಮಾರ್ಸೇಗೆ ತಂದದ್ದೂ ಇದೇ ಹಡಗು.

ಎಂಜಿನ್ನುಗಳ ಕಾಲದಲ್ಲಿ ನೌಕಾಪಡೆಗಳು ಇಂಥ ಹಡಗುಗಳನ್ನು ಸಾಕುವುದೇಕೆಂಬ ಪ್ರಶ್ನೆಗೆ ಉತ್ತರ ತರಬೇತಿ. ಅಲುಗಾಡುವ ಕಂಬವನ್ನೇರಿ, ಒಬ್ಬರಿನ್ನೊಬ್ಬರನ್ನು ನಂಬಿ ಹಾಯಿ ಸುತ್ತುವ ಕೆಲಸ ಗಾಳಿಯನ್ನೂ ಕಡಲನ್ನೂ ಜೊತೆಗಾರರನ್ನೂ ಅರಿಯುವುದನ್ನು ಕಲಿಸುತ್ತದೆಂಬುದು ಅವರ ನಂಬಿಕೆ. ಈ ನಂಬಿಕೆಯ ಮೇಲೆಯೇ 1956ರಲ್ಲಿ ಇಂಗ್ಲೆಂಡಿನ ಟೋರ್‌ಬೇಯಿಂದ ಲಿಸ್ಬನ್ನಿಗೆ ಮೊದಲ ‘ಟಾಲ್ ಶಿಪ್ಸ್’ ಸ್ಪರ್ಧೆ ನಡೆಯಿತು, ಮತ್ತು ಇಂದಿಗೂ ಆ ಸ್ಪರ್ಧೆಗಳಲ್ಲಿ ಸಿಬ್ಬಂದಿಯ ಅರ್ಧದಷ್ಟು ಮಂದಿ 15ರಿಂದ 25 ವರ್ಷದವರಾಗಿರಬೇಕು. ಗೋವಾದಲ್ಲಿ ನಿರ್ಮಾಣವಾಗಿ 1997ರಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿದ ‘ಐಎನ್ಎಸ್ ತರಂಗಿಣಿ’ ಕೂಡ ಬೆಲೆಂನಂತೆಯೇ ಮೂರು ಕಂಬಗಳ ಬಾರ್ಕ್. 2003–04ರಲ್ಲಿ ಅದು ಭೂಪ್ರದಕ್ಷಿಣೆ ಮಾಡಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಅಜಂತಾ ಚಿತ್ರದ ಹಡಗಿನ ಮಾದರಿಯಲ್ಲಿ ಕಟ್ಟಿದ ‘ಕೌಂಡಿನ್ಯ’ 2025ರ ಮೇ ತಿಂಗಳಿನಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರ್ಪಡೆಯಾಯಿತು. ಅದರ ಹಾಯಿಯ ಮೇಲೆ ಕನ್ನಡಿಗರಿಗೆ ಚಿರಪರಿಚಿತವಾದ ಗಂಡಭೇರುಂಡವಿದೆ.

ಆರ್ಮಾಡಾದಲ್ಲಿ ಜನಪ್ರಿಯವಾದ ವಿದೇಶಿ ಹಡಗುಗಳಲ್ಲಿ ಮೆಕ್ಸಿಕೋ ನೌಕಾಪಡೆಯ ‘ಕ್ವಾವ್ಟೆಮೊಕ್’ ಒಂದು. ಅದರ ಕೆಡೆಟ್‌ಗಳು ಯಾರ್ಡ್‌ಗಳ ಮೇಲೆ ಸಾಲಾಗಿ ನಿಂತು ದಂಡೆಯ ಜನರಿಗೆ ವಂದಿಸುವ ಪದ್ಧತಿಯನ್ನು ನೋಡಲು ಮಕ್ಕಳು ನೂಕುನುಗ್ಗಲು ಮಾಡುತ್ತಾರೆ. ಇದೇ ಹಡಗು 2025ರ ಮೇ 17ರಂದು ನ್ಯೂಯಾರ್ಕಿನಲ್ಲಿ ಬ್ರೂಕ್ಲಿನ್ ಸೇತುವೆಗೆ ಬಡಿದು, ಕಂಬಗಳ ಮೇಲ್ಭಾಗ ಮುರಿದು, ಸಿಬ್ಬಂದಿಯಲ್ಲಿ ಇಬ್ಬರು ಸತ್ತರು. ರುವಾನ್ ದಾರಿಯ ಸೇತುವೆಗಳ ಎತ್ತರದ ಲೆಕ್ಕ ಕೇವಲ ಎಂಜಿನಿಯರುಗಳ ಅಚ್ಚುಕಟ್ಟುತನವಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ. ಹಿಂದಿನ ಉತ್ಸವಗಳಲ್ಲಿ ಎಲ್ಲರ ಕಣ್ಸೆಳೆಯುತ್ತಿದ್ದ ರಷ್ಯಾದ ಬೃಹತ್ ಹಾಯಿಹಡಗುಗಳಿಗೆ, ಉಕ್ರೇನ್ ಯುದ್ಧದ ಬಳಿಕ ಐರೋಪ್ಯ ಒಕ್ಕೂಟದ ಬಂದರುಗಳು ಮುಚ್ಚಿರುವುದರಿಂದ, 2023ರಲ್ಲಿ ಜಾಗವಿರಲಿಲ್ಲ.

ಒಂದು ದಿನಕ್ಕೆಂದು ಬರುವ ಕುಟುಂಬವು ಎಲ್ಲ ಹಡಗುಗಳನ್ನೂ ಹತ್ತುವ ಹಟ ಬಿಡುವುದು ಕ್ಷೇಮ. ಹೆಸರಾದ ಹಡಗಿನ ಮುಂದಿನ ಸಾಲು ಮಧ್ಯಾಹ್ನದ ಬಿಸಿಲಲ್ಲಿ ಬಹಳ ಉದ್ದವಾಗುತ್ತದೆ, ಏಣಿಹಲಗೆಯ ಮೇಲೆ ತಳ್ಳುಗಾಡಿ ಹೋಗುವುದಿಲ್ಲ, ಮತ್ತು ಉಬ್ಬರ ಇಳಿತಗಳಿಗೆ ಹಡಗು ಏರಿ ಇಳಿಯುವುದರಿಂದ ಬೆಳಗ್ಗೆ ಸುಲಭವಾಗಿದ್ದ ಹಲಗೆ ಮಧ್ಯಾಹ್ನ ಕಡಿದಾಗಿರಬಹುದು. ಸಣ್ಣ ಸ್ಕೂನರುಗಳಲ್ಲಿ ಸಾಲೂ ಚಿಕ್ಕದು, ನಾವಿಕರಿಗೆ ಮಾತನಾಡಲು ಬಿಡುವೂ ಹೆಚ್ಚು. ಮಕ್ಕಳಿಗೆ ಗಂಟು ಹಾಕುವುದನ್ನು ಯಾರಾದರೂ ತೋರಿಸಿಕೊಟ್ಟರೆ ಅದು ಇಂಥ ಕಡೆಯೇ. ಫ್ರೆಂಚ್ ನಾವಿಕರ ಟೋಪಿಯ ನೆತ್ತಿಯ ಮೇಲೆ ಕೆಂಪು ನೂಲಿನ ಗೊಂಡೆಯಿರುತ್ತದೆ; ಅದನ್ನು ಮುಟ್ಟಿದರೆ ಅದೃಷ್ಟ ಕೂಡಿಬರುತ್ತದೆಂಬ ಹಳೆಯ ನಂಬಿಕೆಯನ್ನು ಮಕ್ಕಳು ಧಾರಾಳವಾಗಿ ಬಳಸಿಕೊಳ್ಳುತ್ತಾರೆ. ಸೇಬಿನಿಂದ ಮಾಡುವ ನಾರ್ಮಂಡಿಯ ಸೈಡರ್ ಪಾನೀಯ, ತೆಳುದೋಸೆಯಂಥ ಕ್ರೇಪ್, ಸಂಜೆಯ ಸಂಗೀತ, ರಾತ್ರಿಯ ಬಾಣಬಿರುಸು ಇವೆಲ್ಲ ಯಾವ ಜಾತ್ರೆಯಲ್ಲೂ ಇರುವಂಥವು. ಹಡಗುಗಳ ನಡುವೆ ಮಾರಾಟದ ಮಳಿಗೆಗಳು ತುಸು ಹೆಚ್ಚಾಗಿವೆ ಎಂದರೂ ತಪ್ಪಲ್ಲ.

ಕೊನೆಯ ದಿನದ ‘ಮಹಾ ಮೆರವಣಿಗೆ’ಯಲ್ಲಿ ಹಡಗುಗಳೆಲ್ಲ ಒಂದರ ಹಿಂದೊಂದು ಸಮುದ್ರಕ್ಕೆ ಹೊರಡುತ್ತವೆ. ಅಂಕುಡೊಂಕಾದ ಕಿರಿದಾದ ನದಿಯಲ್ಲಿ ಹಾಯಿಯನ್ನು ನಂಬುವುದು ಅಪಾಯವಾದ್ದರಿಂದ ಅವು ಸಾಗುವುದು ಎಂಜಿನ್ನಿನ ಬಲದಿಂದ. ಬಿಚ್ಚಿದ ಕೆಲವು ಹಾಯಿಗಳಿದ್ದರೆ ಅವು ನೋಡುವವರ ಸಂತೋಷಕ್ಕಾಗಿ. ಹಾಯಿಯುಬ್ಬಿಸಿ ಬರುವ ಹಡಗನ್ನು ನಿರೀಕ್ಷಿಸಿದವರಿಗೆ ಇದರಿಂದ ನಿರಾಸೆಯಾಗುವುದುಂಟು. ಆದರೂ ದಂಡೆಯ ಹುಲ್ಲುಗಾವಲುಗಳಲ್ಲಿ ಬೆಳಗಿನಿಂದಲೇ ಜಮಖಾನ ಹಾಸಿ, ಬುತ್ತಿ ಬಿಚ್ಚಿ ಕುಳಿತ ಕುಟುಂಬಗಳಿಗೆ, ಸೇಬಿನ ತೋಟಗಳ ಹಿಂದಿನಿಂದ ಕಂಬಗಳು ಸರಿದುಬರುವ ನೋಟ ಊರಿನ ಗದ್ದಲದಲ್ಲಿ ಸಿಗುವಂಥದ್ದಲ್ಲ. ಜಾಗ ಆರಿಸುವಾಗ ನೆನಪಿಡಬೇಕಾದದ್ದು ದೂರದ ಲೆಕ್ಕ: ದ್ಯುಕ್ಲೇರ್, ಜ್ಯುಮಿಯೇಜ್ ಮುಂತಾದ ಮೇಲಿನ ಊರುಗಳಿಗೆ ಹಡಗುಗಳು ಮೊದಲು ಬರುತ್ತವೆಯಾದ್ದರಿಂದ ಅಲ್ಲಿಗೆ ಬೇಗ ತಲುಪಿರಬೇಕು, ಕೋದಬೆಕ್, ವಿಲ್ಕಿಯೇಗಳಲ್ಲಿ ಊಟದ ಹೊತ್ತಿಗೆ ಕಾಯಬೇಕು, ನದೀಮುಖದ ಓನ್‌ಫ್ಲರ್ ಊರಿನವರು ಮನೆಯಲ್ಲೇ ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದರೂ ಮೆರವಣಿಗೆ ತಪ್ಪುವುದಿಲ್ಲ.